ಜೀವರಕ್ಷಣೆಯ ರಹಸ್ಯವನ್ನರಸಿದ ಮೆಚ್ನಿಕಾಫ್

ಅಂಗಾಲಿಗೆ ಮುಳ್ಳು ನೆಟ್ಟರೆ ಮರುದಿನ ಆ ಜಾಗ ಕೆಂಪೇರುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ಮುಳ್ಳು ಒಳಗೇ ಉಳಿದರೆ ಕೀವು ಕಟ್ಟುತ್ತದೆ. ಕೆಲವೊಮ್ಮೆ ಗಾಯದಿಂದ ಬಹುದೂರದಲ್ಲಿರುವ ತೊಡೆಯ ಸಂದಿನಲ್ಲಿಯೂ ಒಂದು ಗಂಟು ಕೈಗೆ ಹತ್ತುತ್ತದೆ. ಇದು ಮನುಷ್ಯನಿಗೆ ಅನಾದಿಕಾಲದಿಂದ ತಿಳಿದ ಅನುಭವ. ಆದರೆ ಈ ಬಾವು, ಈ ಕೀವು, ಈ ಗಂಟುಗಳು ರೋಗದ ಕೃತ್ಯವೋ ಅಥವಾ ರೋಗದ ವಿರುದ್ಧ ದೇಹವು ತಾನೇ ಹೂಡಿದ ಹೋರಾಟವೋ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಖಚಿತವಾದ ಉತ್ತರ ದೊರೆತಿರಲಿಲ್ಲ. ಆ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರಿದವನು ವೈದ್ಯನಲ್ಲ; ಹುಳುಹುಪ್ಪಟೆಗಳನ್ನೂ ಕಡಲಿನ ಕ್ಷುದ್ರ ಜೀವಿಗಳನ್ನೂ ನೋಡುತ್ತ ಕಾಲ ಕಳೆದ ಒಬ್ಬ ಪ್ರಾಣಿಶಾಸ್ತ್ರಜ್ಞ. ತನ್ನ ಬದುಕನ್ನೇ ಎರಡು ಬಾರಿ ಬೇಡವೆಂದು ತಳ್ಳಹೊರಟ ಆತನೇ, ಪ್ರತಿಯೊಂದು ಜೀವಿಯೂ ಬದುಕಿಗಾಗಿ ತನ್ನೊಳಗೆ ನಡೆಸುವ ನಿರಂತರ ಹೋರಾಟವನ್ನು ಜಗತ್ತಿಗೆ ತೋರಿಸಿಕೊಟ್ಟನೆಂಬುದು ವಿಧಿಯ ವೈಚಿತ್ರ್ಯ.

ಇಲ್ಯಾ ಇಲಿಚ್ ಮೆಚ್ನಿಕಾಫನು 1845ರ ಮೇ ತಿಂಗಳಿನಲ್ಲಿ ಖಾರ್ಕೋವ್ ನಗರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ಜನಿಸಿದನು. ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಸೀಮೆ ಇಂದು ಯುಕ್ರೇನ್ ದೇಶದಲ್ಲಿದೆ. ತಂದೆ ಚಕ್ರವರ್ತಿಯ ಅಂಗರಕ್ಷಕ ದಳದಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಎಮಿಲಿಯಾ ಯೆಹೂದಿ ಮನೆತನದಲ್ಲಿ ಹುಟ್ಟಿದವಳು, ವಿದ್ಯೆಯಲ್ಲಿ ಆಸಕ್ತಿಯುಳ್ಳವಳು. ಐವರು ಮಕ್ಕಳಲ್ಲಿ ಇಲ್ಯಾ ಕೊನೆಯವನು. ಅಣ್ಣನಿಗೆ ಪಾಠ ಹೇಳಲು ಮನೆಗೆ ಬಂದ ಒಬ್ಬ ವೈದ್ಯ ವಿದ್ಯಾರ್ಥಿ ಗಿಡಮೂಲಿಕೆಗಳನ್ನು ಸಂಗ್ರಹಿಸುತ್ತಿದ್ದುದನ್ನು ಕಂಡು ಆ ಬಾಲಕನಿಗೆ ನಿಸರ್ಗದ ಹುಚ್ಚು ಹಿಡಿಯಿತು. ತಾನು ಕಲಿತುದನ್ನು ಕೇಳುವವರು ಬೇಕಲ್ಲ! ತನ್ನ ಕೈಗಾಸನ್ನೇ ಕೊಟ್ಟು ಅಣ್ಣಂದಿರನ್ನೂ ಓರಗೆಯವರನ್ನೂ ಕೂರಿಸಿಕೊಂಡು ಸಸ್ಯಶಾಸ್ತ್ರದ ಉಪನ್ಯಾಸ ಮಾಡುತ್ತಿದ್ದನಂತೆ. ಮುಂದೆ ಆತನು ವೈದ್ಯನಾಗಬೇಕೆಂದು ಬಯಸಿದಾಗ ತಾಯಿ ಅದಕ್ಕೆ ಒಪ್ಪಲಿಲ್ಲ. ಪರರ ನೋವನ್ನು ನೋಡಿ ಸಹಿಸಲಾರದ ಮೃದು ಮನಸ್ಸಿನವನಿಗೆ ಆ ವೃತ್ತಿ ತಕ್ಕುದಲ್ಲವೆಂಬುದು ಆಕೆಯ ಅಭಿಪ್ರಾಯವಾಗಿತ್ತು. ಮಗ ತಾಯಿಯ ಮಾತನ್ನು ಮನ್ನಿಸಿದನು. ವೈದ್ಯಶಾಸ್ತ್ರದ ಹೊರಗೆ ನಿಂತದ್ದೇ ಮುಂದೆ ಆತನಿಗೆ ವೈದ್ಯರು ಕಾಣದುದನ್ನು ಕಾಣುವ ಕಣ್ಣನ್ನು ಕೊಟ್ಟಿತು.

ಖಾರ್ಕೋವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಮೆಚ್ನಿಕಾಫನು ಎರಡೇ ವರ್ಷಗಳಲ್ಲಿ ಮುಗಿಸಿ 1864ರಲ್ಲಿ ಪದವಿ ಪಡೆದನು. ಅನಂತರ ಉತ್ತರ ಸಮುದ್ರದ ಹೆಲಿಗೊಲೆಂಡ್ ದ್ವೀಪ, ಜರ್ಮನಿಯ ಗೀಸೆನ್, ಇಟಲಿಯ ನೇಪಲ್ಸ್ ಎಂದು ಊರೂರು ಸುತ್ತಿ ಬೆನ್ನೆಲುಬಿಲ್ಲದ ಜೀವಿಗಳ ಅಭ್ಯಾಸದಲ್ಲಿ ತೊಡಗಿದನು. 1865ರಲ್ಲಿ ಗೀಸೆನ್ನಿನಲ್ಲಿ ಒಂದು ಚಪ್ಪಟೆ ಹುಳುವನ್ನು ಪರೀಕ್ಷಿಸುತ್ತಿದ್ದಾಗ ಅದರ ಜೀವಕೋಶಗಳು ಆಹಾರದ ಕಣಗಳನ್ನು ತಮ್ಮೊಳಗೇ ಸೆಳೆದುಕೊಂಡು ಅರಗಿಸಿಕೊಳ್ಳುವುದನ್ನು ಕಂಡನು. ಅಂದಿನ ಮಟ್ಟಿಗೆ ಅದೊಂದು ಸಣ್ಣ ಸಂಗತಿ. ಬೀಜ ಮಣ್ಣಿನಲ್ಲಿ ಬಿದ್ದಂತೆ ಅದು ಆತನ ಮನಸ್ಸಿನಲ್ಲಿ ಹದಿನೇಳು ವರ್ಷಗಳ ಕಾಲ ಮರೆಯಾಗಿ ಉಳಿಯಿತು. ಕಡಲ ಜೀವಿಗಳ ಭ್ರೂಣಗಳ ಬೆಳವಣಿಗೆಯನ್ನು ಕುರಿತ ಸಂಶೋಧನೆಗಾಗಿ 1867ರಲ್ಲಿ, ಗೆಳೆಯ ಕೊವಲೆವ್‌ಸ್ಕಿಯೊಡನೆ, ವಾನ್ ಬೇರ್ ಹೆಸರಿನ ಪಾರಿತೋಷಕ ಆತನಿಗೆ ದೊರೆಯಿತು. 1870ರಲ್ಲಿ ಒಡೆಸ್ಸಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದಾಗ ಆತನಿಗೆ ಇಪ್ಪತ್ತೈದು ವರ್ಷ.

ವಿದ್ಯೆ ಹೀಗೆ ಬೇಗ ಒಲಿಯಿತಾದರೂ ಸಂಸಾರಸುಖ ಒಲಿಯಲಿಲ್ಲ. 1869ರಲ್ಲಿ ಆತನು ಲುಡ್ಮಿಲಾ ಎಂಬ ತರುಣಿಯನ್ನು ವರಿಸಿದನು. ಕ್ಷಯರೋಗದಿಂದ ಬಳಲುತ್ತಿದ್ದ ವಧುವಿಗೆ ನಡೆಯುವ ಶಕ್ತಿಯಿಲ್ಲದೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ವಿವಾಹ ಮಂದಿರಕ್ಕೆ ಹೊತ್ತು ತರಬೇಕಾಯಿತು. ಹವೆ ಬದಲಾದರೆ ಗುಣವಾದೀತೆಂಬ ಆಸೆಯಿಂದ ನಾಲ್ಕು ವರ್ಷ ಆಕೆಯನ್ನು ಬೆಚ್ಚನೆಯ ನಾಡುಗಳಿಗೆ ಕರೆದೊಯ್ದನು. ಹಣಕ್ಕಾಗಿ ಕಣ್ಣು ಸೋಲುವಂತೆ ದುಡಿದನು. ಯಾವುದೂ ಫಲಿಸಲಿಲ್ಲ. 1873ರಲ್ಲಿ ಮದೀರಾ ದ್ವೀಪದಲ್ಲಿ ಲುಡ್ಮಿಲಾ ಕೊನೆಯುಸಿರೆಳೆದಳು. ಶೋಕದಿಂದ ಕಂಗೆಟ್ಟ ಮೆಚ್ನಿಕಾಫನು ತನ್ನ ಪ್ರಾಣವನ್ನೂ ಕಳೆದುಕೊಳ್ಳಲು ಯತ್ನಿಸಿದನು, ದೈವವಶಾತ್ ಉಳಿದನು. ಆ ದಿನಗಳಲ್ಲೊಂದು ರಾತ್ರಿ ದೀಪದ ಸುತ್ತ ಮುತ್ತುತ್ತಿದ್ದ ಅಲ್ಪಾಯುಷಿ ಕೀಟಗಳನ್ನು ಕಂಡು, ಇಷ್ಟು ಕ್ಷಣಿಕವಾದ ಜೀವಿಗಳಿಗೆ ನಿಸರ್ಗದ ಆಯ್ಕೆಯ ನಿಯಮ ಹೇಗೆ ಅನ್ವಯಿಸೀತೆಂಬ ಪ್ರಶ್ನೆ ಆತನಲ್ಲಿ ಎದ್ದಿತು. ಆ ಪ್ರಶ್ನೆಯೇ ಆತನನ್ನು ಮತ್ತೆ ಕೆಲಸಕ್ಕೆ, ಕೆಲಸದ ಮೂಲಕ ಬದುಕಿಗೆ ಮರಳಿಸಿತು.

1875ರಲ್ಲಿ ಆತನು ಓಲ್ಗಾಳನ್ನು ಮದುವೆಯಾದನು. ಆಕೆ ಮುಂದೆ ಆತನ ಜೀವನದ ಸಂಗಾತಿಯೂ ಪ್ರಯೋಗಶಾಲೆಯ ಸಹಾಯಕಳೂ ಆದಳು. ಆತನ ಮರಣಾನಂತರ ಆತನ ಜೀವನಚರಿತ್ರೆಯನ್ನು ಬರೆದವಳೂ ಆಕೆಯೇ. ಆದರೆ 1880ರಲ್ಲಿ ಓಲ್ಗಾ ವಿಷಮಶೀತಜ್ವರದಿಂದ ಮರಣದ ಅಂಚಿಗೆ ಹೋಗಿ ಬಂದಳು. ವಿಶ್ವವಿದ್ಯಾನಿಲಯದಲ್ಲಿ ರಾಜಕೀಯ ಕಲಹಗಳು ಹೆಚ್ಚಿದವು. ಮನಸ್ಸು ಮತ್ತೆ ಕುಸಿಯಿತು. 1881ರಲ್ಲಿ ಮೆಚ್ನಿಕಾಫನು ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನ್ನ ದೇಹಕ್ಕೆ ಸೇರಿಸಿಕೊಂಡನು. ಆ ರೋಗ ರಕ್ತದ ಮೂಲಕ ಹರಡುವುದೇ ಎಂಬುದನ್ನು ತಿಳಿಯುವುದು ಹೊರನೋಟದ ಉದ್ದೇಶ. ಬದುಕಿನ ಭಾರವನ್ನು ಇಳಿಸಿಕೊಳ್ಳುವ ಹಂಬಲ ಒಳಗಿನದು. ಕಠಿಣವಾದ ಜ್ವರ ಬಂದಿತು, ಆದರೆ ದೇಹ ಅದನ್ನು ಗೆದ್ದಿತು. ಚೇತರಿಸಿಕೊಂಡ ಮೆಚ್ನಿಕಾಫನಲ್ಲಿ ಹಿಂದೆಂದೂ ಇರದ ಜೀವನೋತ್ಸಾಹ ಮೂಡಿತು. ರೋಗಾಣುಗಳು ಒಳಹೊಕ್ಕರೂ ದೇಹ ಅವನ್ನು ಹೇಗೆ ಗೆಲ್ಲುತ್ತದೆಂಬುದನ್ನು ಶೋಧಿಸಲಿದ್ದ ಮನುಷ್ಯ, ಆ ಗೆಲುವಿನ ಫಲವನ್ನು ಮೊದಲು ತನ್ನ ದೇಹದಲ್ಲಿಯೇ ಉಂಡನೆನ್ನಬೇಕು.

1882ರಲ್ಲಿ ಆತನು ಪ್ರಾಧ್ಯಾಪಕ ಪದವಿಗೆ ರಾಜೀನಾಮೆಯಿತ್ತು, ಓಲ್ಗಾಳೊಡನೆಯೂ ಆಕೆಯ ತಮ್ಮ ತಂಗಿಯರೊಡನೆಯೂ ಸಿಸಿಲಿ ದ್ವೀಪದ ಮೆಸ್ಸಿನಾ ನಗರಕ್ಕೆ ಹೋಗಿ ನೆಲೆಸಿದನು. ಕಡಲ ದಂಡೆಯ ಮನೆಯ ನಡುಕೋಣೆಯೇ ಆತನ ಪ್ರಯೋಗಶಾಲೆಯಾಯಿತು. ಆ ವರ್ಷದ ಕೊನೆಯಲ್ಲಿ ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ಸಿನಲ್ಲಿ ಪಳಗಿದ ಮಂಗಗಳ ಆಟ ನೋಡಲು ಹೋಗಿದ್ದರು. ಒಬ್ಬಂಟಿಯಾಗಿ ಕುಳಿತ ಮೆಚ್ನಿಕಾಫನು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಡಿಂಭಗಳನ್ನು ನೋಡುತ್ತಿದ್ದನು. ಗಾಜಿನಂತೆ ಪಾರದರ್ಶಕವಾದ ಆ ಮರಿಗಳ ದೇಹದೊಳಗೆ ಅಲೆದಾಡುವ ಜೀವಕೋಶಗಳು ಆತನ ಕಣ್ಣಿಗೆ ಬಿದ್ದವು. ಹುಳುವಿನ ಜೀವಕೋಶ ಆಹಾರವನ್ನು ನುಂಗುತ್ತಿದ್ದ ಹಳೆಯ ನೋಟ ಆಗ ನೆನಪಿಗೆ ಬಂದಿತು. ಆಹಾರವನ್ನು ನುಂಗಬಲ್ಲ ಕೋಶ ದೇಹಕ್ಕೆ ಹಾನಿ ಮಾಡುವ ಪರವಸ್ತುವನ್ನೂ ನುಂಗಬಾರದೇಕೆ? ಅಲೆಯುವ ಈ ಕೋಶಗಳು ದೇಹದ ಕಾವಲುಗಾರರಾಗಿರಬಾರದೇಕೆ?

ಹಾಗಿದ್ದರೆ, ರಕ್ತನಾಳಗಳೂ ಇಲ್ಲದ, ನರಮಂಡಲವೂ ಬಲಿಯದ ಈ ಮರಿಯ ದೇಹಕ್ಕೆ ಮುಳ್ಳು ಚುಚ್ಚಿದರೆ, ಮನುಷ್ಯನ ಬೆರಳಿಗೆ ಚುಚ್ಚಿದ ಮುಳ್ಳಿನ ಸುತ್ತ ಕೀವು ಸೇರುವಂತೆ, ಅದರ ಸುತ್ತಲೂ ಈ ಕೋಶಗಳು ಬಂದು ಮುತ್ತಬೇಕು. ಮೆಚ್ನಿಕಾಫನು ಮನೆಯ ಕೈತೋಟದ ಗುಲಾಬಿಯಿಂದ ಕೆಲವು ಮುಳ್ಳುಗಳನ್ನು ಕಿತ್ತು ತಂದು ಡಿಂಭಗಳ ತೆಳುವಾದ ಚರ್ಮದ ಕೆಳಗೆ ಚುಚ್ಚಿದನು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಗಿನ ಜಾವ ನೋಡಿದಾಗ ಎಣಿಸಿದಂತೆಯೇ ಆಗಿತ್ತು: ಮುಳ್ಳನ್ನು ಸುತ್ತುಗಟ್ಟಿ ಅಲೆಮಾರಿ ಕೋಶಗಳು ಕಿಕ್ಕಿರಿದು ನಿಂತಿದ್ದವು. ಪ್ರಾಣಿಶಾಸ್ತ್ರಜ್ಞನಾಗಿ ಮಲಗಲು ಹೋದ ಆತನು ಆ ಬೆಳಗಿನಿಂದ ರೋಗಶಾಸ್ತ್ರಜ್ಞನಾದನು.

ಈ ಸರಳ ಪ್ರಯೋಗದ ಮಹತ್ವವನ್ನರಿಯಲು ಅಂದಿನ ತಿಳಿವಳಿಕೆಯನ್ನು ನೆನೆಯಬೇಕು. ಉರಿಯೂತವೆಂದರೆ ರಕ್ತನಾಳಗಳಿಗೆ ಆದ ಹಾನಿ, ಅದು ಕೇವಲ ಕೇಡು ಎಂದು ಬಹುಮಂದಿ ವೈದ್ಯರು ಬಗೆದಿದ್ದರು. ಕೀವಿನಲ್ಲಿರುವ ಬಿಳಿಯ ರಕ್ತಕಣಗಳ ಒಳಗೆ ರೋಗಾಣುಗಳು ಕಾಣುವುದನ್ನು ಅನೇಕರು ಮೊದಲೇ ಕಂಡಿದ್ದರು. ಆದರೆ ಆ ಕಣಗಳು ರೋಗಾಣುಗಳನ್ನು ಹೊತ್ತು ದೇಹದ ತುಂಬ ಹರಡುವ ವಾಹನಗಳೆಂದೇ ಅವರು ಭಾವಿಸಿದ್ದರು. ರಕ್ತನಾಳಗಳೇ ಇಲ್ಲದ ಮರಿಯಲ್ಲಿಯೂ ಕೋಶಗಳು ಗಾಯದೆಡೆಗೆ ಧಾವಿಸಿದುದರಿಂದ, ಉರಿಯೂತದ ತಿರುಳು ರಕ್ತನಾಳದಲ್ಲಿಲ್ಲ, ಶತ್ರುವಿನೆಡೆಗೆ ಸಾಗುವ ಜೀವಕೋಶಗಳಲ್ಲಿದೆ ಎಂಬುದು ಸ್ಪಷ್ಟವಾಯಿತು. ಕಳ್ಳರೆಂದು ತಿಳಿದವರೇ ಕಾವಲುಗಾರರಾಗಿ ಕಂಡರು. 1883ರಲ್ಲಿ ಮೆಸ್ಸಿನಾಕ್ಕೆ ಬಂದ ಜರ್ಮನಿಯ ಹಿರಿಯ ರೋಗಶಾಸ್ತ್ರಜ್ಞ ವಿರ್ಶೋ ಇದನ್ನೆಲ್ಲ ನೋಡಿ ಮೆಚ್ಚಿದನು. ಪ್ರಚಲಿತ ಮತ ಇದಕ್ಕೆ ತೀರ ವಿರುದ್ಧವಾಗಿರುವುದರಿಂದ ಎಚ್ಚರಿಕೆಯಿಂದ ಮುಂದುವರಿಯಬೇಕೆಂದೂ ಸಲಹೆಯಿತ್ತನು. ವಿಯೆನ್ನಾದ ಪ್ರಾಧ್ಯಾಪಕ ಕ್ಲಾಸನು ಈ ಕೋಶಗಳಿಗೆ ಗ್ರೀಕ್ ಭಾಷೆಯಿಂದ ಫ್ಯಾಗೊಸೈಟ್, ಅಂದರೆ ಭಕ್ಷಕಕೋಶ, ಎಂಬ ಹೆಸರನ್ನು ಸೂಚಿಸಿದನು.

ಮುಳ್ಳು ನಿರ್ಜೀವ ವಸ್ತು. ಜೀವಂತ ರೋಗಾಣುವಿನೊಡನೆ ಭಕ್ಷಕಕೋಶ ಹೋರಾಡುವುದನ್ನು ಕಣ್ಣಾರೆ ತೋರಿಸಬೇಕಾಗಿತ್ತು. ಕೊಳದ ನೀರಿನಲ್ಲಿ ವಾಸಿಸುವ, ಪಾರದರ್ಶಕ ಮೈಯ ಡ್ಯಾಫ್ನಿಯಾ ಎಂಬ ನೀರುಚಿಗಟದಲ್ಲಿ ಆತನಿಗೆ ಅದು ದೊರೆಯಿತು. ಯೀಸ್ಟ್ ಜಾತಿಯ ಒಂದು ಶಿಲೀಂಧ್ರದ ಸೂಜಿಯಂಥ ಬೀಜಕಗಳನ್ನು ಈ ಜೀವಿ ಆಹಾರದೊಡನೆ ನುಂಗುತ್ತದೆ. ಅವು ಕರುಳನ್ನು ತೂರಿ ಒಳಗೆ ಬರುತ್ತವೆ. ಬಂದೊಡನೆ ಭಕ್ಷಕಕೋಶಗಳು ಅವನ್ನು ಮುತ್ತಿ ನುಂಗಿ ಕರಗಿಸಿದರೆ ನೀರುಚಿಗಟ ಉಳಿಯುತ್ತದೆ. ಬೀಜಕಗಳು ಮೊಳೆತು ಕೋಶಗಳ ಶಕ್ತಿಯನ್ನು ಮೀರಿ ಬೆಳೆದರೆ ಸಾಯುತ್ತದೆ. 1884ರಲ್ಲಿ ಪ್ರಕಟವಾದ ಈ ಲೇಖನದಲ್ಲಿ ರೋಗವೆಂದರೆ ಆಕ್ರಮಿಸುವ ಜೀವಿಗೂ ಎದುರಿಸುವ ಜೀವಕೋಶಗಳಿಗೂ ನಡೆಯುವ ಸಮರವೆಂಬ ಚಿತ್ರ ಮೊದಲ ಬಾರಿಗೆ ಸಾಕ್ಷ್ಯಸಮೇತ ಮೂಡಿತು.

ಪಾಶ್ಚರನು 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಚುಚ್ಚುಮದ್ದನ್ನು ಕಂಡುಹಿಡಿದ ಮೇಲೆ, 1886ರಲ್ಲಿ ಒಡೆಸ್ಸಾದಲ್ಲಿಯೂ ಒಂದು ಸೂಕ್ಷ್ಮಜೀವಿ ಸಂಶೋಧನ ಸಂಸ್ಥೆ ಸ್ಥಾಪನೆಯಾಗಿ ಮೆಚ್ನಿಕಾಫನು ಅದರ ನಿರ್ದೇಶಕನಾದನು. ಆದರೆ ವೈದ್ಯ ಪದವಿಯಿಲ್ಲದವನು ಇಂಥ ಸಂಸ್ಥೆಯನ್ನು ನಡೆಸುವುದನ್ನು ಸ್ಥಳೀಯ ವೈದ್ಯರು ಸಹಿಸಲಿಲ್ಲ. ಬೇಸತ್ತ ಆತನು ಬೇರೆ ನೆಲೆಯನ್ನರಸಿದನು. ಬರ್ಲಿನ್ನಿನಲ್ಲಿ ಕ್ಷಯ ಮತ್ತು ಕಾಲರಾ ರೋಗಾಣುಗಳನ್ನು ಗುರುತಿಸಿ ಪ್ರಖ್ಯಾತನಾಗಿದ್ದ ರಾಬರ್ಟ್ ಕಾಕ್ ಆತನನ್ನು ಉದಾಸೀನದಿಂದ ಕಂಡನು. ಪ್ಯಾರಿಸ್ಸಿನಲ್ಲಿ ವೃದ್ಧ ಪಾಶ್ಚರನು ಪ್ರೀತಿಯಿಂದ ಬರಮಾಡಿಕೊಂಡು, ನೂತನವಾಗಿ ನಿರ್ಮಾಣವಾಗುತ್ತಿದ್ದ ತನ್ನ ಸಂಸ್ಥೆಯಲ್ಲಿ ಪ್ರಯೋಗಶಾಲೆಯೊಂದನ್ನು ಕೊಡುವುದಾಗಿ ಹೇಳಿದನು. 1888ರಲ್ಲಿ ಪಾಶ್ಚರ್ ಸಂಸ್ಥೆಗೆ ಬಂದ ಮೆಚ್ನಿಕಾಫನು ಕೊನೆಯ ಉಸಿರಿನವರೆಗೆ, ಅಂದರೆ ಇಪ್ಪತ್ತೆಂಟು ವರ್ಷಗಳ ಕಾಲ, ಅಲ್ಲಿಯೇ ದುಡಿದನು.

ಪ್ಯಾರಿಸ್ಸಿನಲ್ಲಿ ಆತನ ದೃಷ್ಟಿ ಕ್ಷುದ್ರ ಜೀವಿಗಳಿಂದ ಮೇಲ್ದರ್ಜೆಯ ಪ್ರಾಣಿಗಳ ಕಡೆಗೂ ಮನುಷ್ಯನ ಕಡೆಗೂ ಹೊರಳಿತು. ಭಕ್ಷಕಕೋಶಗಳಲ್ಲಿ ಆತನು ಎರಡು ಬಗೆಗಳನ್ನು ಗುರುತಿಸಿದನು. ಮೊದಲನೆಯವು ರಕ್ತದಲ್ಲಿ ಸಂಚರಿಸುತ್ತ ಗಾಯವಾದೊಡನೆ ನಾಳದ ಗೋಡೆಯನ್ನು ನುಸುಳಿ ಹೊರಬಂದು ಎದುರಾಳಿಗಳನ್ನು ನುಂಗಿ, ತಾವೂ ಸತ್ತು ಕೀವಾಗುವ ಚಿಕ್ಕ ಕೋಶಗಳು. ಎರಡನೆಯವು ಅಂಗಾಂಶಗಳಲ್ಲಿ, ಗುಲ್ಮದಲ್ಲಿ, ದುಗ್ಧಗ್ರಂಥಿಗಳಲ್ಲಿ ನೆಲೆನಿಂತು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ಕಬಳಿಸುವ ದೊಡ್ಡ ಕೋಶಗಳು. ಇವಕ್ಕೆ ಆತನಿತ್ತ ಮ್ಯಾಕ್ರೋಫೇಜ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ದುಗ್ಧರಸದ ವ್ಯವಸ್ಥೆಯ ಸ್ವರೂಪವನ್ನು ಕೊಂಚ ಅರಿಯುವುದು ಅಗತ್ಯ. ಸೂಕ್ಷ್ಮ ರಕ್ತನಾಳಗಳಿಂದ ನೀರಿನಂಥ ದ್ರವ ಸದಾ ಜಿನುಗಿ ಜೀವಕೋಶಗಳ ನಡುವೆ ಸೇರುತ್ತದೆ. ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಸಾಗಿಸುವ ತೆಳು ನಾಳಗಳ ಜಾಲ ದೇಹದ ಬಹುಭಾಗದಲ್ಲಿ ಹರಡಿದೆ. ಅವುಗಳಲ್ಲಿ ಹರಿಯುವುದೇ ದುಗ್ಧರಸ. ರಕ್ತಕ್ಕಿರುವಂತೆ ಇದನ್ನು ತಳ್ಳಲು ಹೃದಯವಿಲ್ಲ. ನಾಳಗಳ ಸ್ವಂತ ಸಂಕೋಚನದಿಂದಲೂ ಸುತ್ತಲಿನ ಸ್ನಾಯುಗಳ ಚಲನೆಯಿಂದಲೂ ಅದು ಮುಂದೆ ಸಾಗುತ್ತದೆ. ನಾಳದೊಳಗಿನ ಕವಾಟಗಳು ಅದು ಹಿಂದೆ ಹರಿಯದಂತೆ ತಡೆಯುತ್ತವೆ. ಕಾಲುಗಳಿಂದಲೂ ಹೊಟ್ಟೆಯಿಂದಲೂ ಬಂದ ದುಗ್ಧರಸ ಎದೆಯೊಳಗಿನ ಮುಖ್ಯ ನಾಳದ ಮೂಲಕ ಏರಿ ಎಡಗತ್ತಿನ ಬುಡದಲ್ಲಿ ಅಭಿಧಮನಿಯನ್ನು ಸೇರುತ್ತದೆ. ದಾರಿಯುದ್ದಕ್ಕೂ, ತೊಡೆಯ ಸಂದು, ಕಂಕುಳು, ಕತ್ತು, ಹೊಟ್ಟೆ ಮೊದಲಾದೆಡೆಗಳಲ್ಲಿ, ಅವರೆಕಾಳಿನಾಕಾರದ ನೂರಾರು ಗ್ರಂಥಿಗಳಿವೆ. ಊರಿನ ಸುಂಕದ ಕಟ್ಟೆಯಂತೆ ಇವು ಹಾದುಹೋಗುವುದನ್ನೆಲ್ಲ ತಡೆದು ಪರೀಕ್ಷಿಸುತ್ತವೆ. ಅಂಗಾಲಿನ ಗಾಯದಿಂದ ಹೊರಟ ರೋಗಾಣುಗಳನ್ನು ತೊಡೆಯ ಸಂದಿನ ಗ್ರಂಥಿ ತಡೆದಾಗ ಅಲ್ಲಿ ಏಳುವ ಗಂಟು ಈ ತಪಾಸಣೆಯ ಹೊರಗುರುತು. ಪ್ಲೇಗಿನ ಗಡ್ಡೆಯೂ ಇದೇ ಗ್ರಂಥಿ. ಆದರೆ ಅಲ್ಲಿ ಕಾವಲಿನವರು ಶತ್ರುವಿನ ಬಲಕ್ಕೆ ಸೋಲುವುದುಂಟು.

ಮೆಚ್ನಿಕಾಫನ ಸಿದ್ಧಾಂತಕ್ಕೆ ಪ್ರಬಲ ವಿರೋಧ ಹುಟ್ಟಿದ್ದು ಜರ್ಮನಿಯಲ್ಲಿ. ಜೀವಕೋಶಗಳನ್ನೆಲ್ಲ ಬೇರ್ಪಡಿಸಿ ಉಳಿದ ರಕ್ತದ ತಿಳಿದ್ರವವಾದ ಸೀರಂ ತಾನೊಂದೇ ರೋಗಾಣುಗಳನ್ನು ಕೊಲ್ಲಬಲ್ಲುದೆಂದು ಅಲ್ಲಿನ ಸಂಶೋಧಕರು ತೋರಿಸಿದರು. 1890ರಲ್ಲಿ ಬೇರಿಂಗ್ ಮತ್ತು ಜಪಾನಿನ ಕಿತಸಾಟೊ ಇವರು ಧನುರ್ವಾಯು ಹಾಗೂ ಗಂಟಲಮಾರಿ ರೋಗಗಳ ವಿಷವನ್ನು ನಿಷ್ಫಲಗೊಳಿಸುವ ಪದಾರ್ಥ, ರೋಗನಿರೋಧ ಪಡೆದ ಪ್ರಾಣಿಯ ಸೀರಮ್ಮಿನಲ್ಲಿರುವುದೆಂದು ಸಿದ್ಧಪಡಿಸಿದರು. ಆ ಸೀರಮ್ಮನ್ನು ಬೇರೊಂದು ಪ್ರಾಣಿಗೆ ಚುಚ್ಚಿದರೆ ಅದಕ್ಕೂ ರಕ್ಷಣೆ ದೊರೆಯುತ್ತಿತ್ತು. ಸಾಯುತ್ತಿದ್ದ ಮಕ್ಕಳು ಈ ಮದ್ದಿನಿಂದ ಬದುಕತೊಡಗಿದಾಗ ಭಕ್ಷಕಕೋಶಗಳ ಮಾತನ್ನು ಕೇಳುವವರು ವಿರಳರಾದರು. ರಕ್ಷಣೆ ಇರುವುದು ದ್ರವದಲ್ಲಿ, ಕೋಶಗಳು ಬರಿಯ ಕಸಗುಡಿಸುವವು ಎಂಬ ಮತ ಬಲವಾಯಿತು. 1891ರಲ್ಲಿ ಲಂಡನ್ನಿನಲ್ಲಿ ಕೂಡಿದ ಆರೋಗ್ಯ ಸಮ್ಮೇಳನದಲ್ಲಿ ಮೆಚ್ನಿಕಾಫನು ಕೆದರಿದ ತಲೆಯೊಡನೆ, ಬಣ್ಣದ ಚಿತ್ರಗಳನ್ನು ಮುಂದಿಟ್ಟುಕೊಂಡು, ಎದುರಾಳಿಗಳೊಡನೆ ಆವೇಶದಿಂದ ವಾದಿಸಿದನು.

ಅತ್ಯಂತ ಕಠಿಣವಾದ ಪೆಟ್ಟು ಬಿದ್ದದ್ದು 1894ರಲ್ಲಿ. ರೋಗನಿರೋಧ ಪಡೆದ ಗಿನಿ ಹಂದಿಯ ಉದರಕುಹರದಲ್ಲಿ ಕಾಲರಾ ರೋಗಾಣುಗಳು ಯಾವ ಕೋಶದ ನೆರವೂ ಇಲ್ಲದೆ ದ್ರವದಲ್ಲಿಯೇ ಕರಗಿಹೋಗುವುದನ್ನು ಕಾಕನ ಶಿಷ್ಯ ಫೈಫರನು ತೋರಿಸಿದನು. ಹತ್ತು ವರ್ಷ ಕಟ್ಟಿದ ಮನೆ ಕುಸಿಯುವುದೆಂದು ಮೆಚ್ನಿಕಾಫನಿಗೆ ಕಂಡಿತು. ಆದರೂ ಆತನು ಆ ಪ್ರಯೋಗವನ್ನು ಅಲ್ಲಗಳೆಯದೆ ತನ್ನ ಪ್ರಯೋಗಶಾಲೆಯಲ್ಲಿಯೇ ಮತ್ತೆ ಮತ್ತೆ ಮಾಡಿ ನೋಡಿದನು. ಆಗ ಆತನ ಬಳಿ ಕೆಲಸ ಮಾಡುತ್ತಿದ್ದ ಬೆಲ್ಜಿಯಂ ದೇಶದ ತರುಣ ಜೂಲ್ ಬೋರ್ಡೆ 1895ರಲ್ಲಿ ಈ ಕರಗುವಿಕೆಗೆ ಎರಡು ಪದಾರ್ಥಗಳು ಕಾರಣವೆಂದು ತೋರಿಸಿದನು. ಒಂದು, ರೋಗನಿರೋಧ ಪಡೆದ ಪ್ರಾಣಿಯಲ್ಲಿ ಮಾತ್ರ ಇರುವ, ಬಿಸಿಗೆ ಕೆಡದ ಪದಾರ್ಥ, ಇದೇ ಪ್ರತಿಕಾಯ. ಇನ್ನೊಂದು, ಎಲ್ಲ ಪ್ರಾಣಿಗಳ ರಕ್ತದಲ್ಲಿಯೂ ಇರುವ, ಬಿಸಿಗೆ ಕೆಡುವ ಪದಾರ್ಥ. ಇದನ್ನು ಮುಂದೆ ಪೂರಕವೆಂದು ಕರೆದರು. ಗುರುವಿನ ವಾದಕ್ಕೆ ಎದುರಾದ ಪಕ್ಷವನ್ನು ಬಲಪಡಿಸಿದ ಈ ಶೋಧ ಗುರುವಿನ ಕೋಣೆಯಿಂದಲೇ ಹೊರಬಂದಿತು. ಅದನ್ನು ಗುರು ತಡೆಯಲಿಲ್ಲ. ಅದೇ ಕಾರ್ಯಕ್ಕಾಗಿ ಬೋರ್ಡೆಗೆ 1919ರ ನೊಬೆಲ್ ಪಾರಿತೋಷಕ ದೊರೆಯಿತು. ವಾದದಲ್ಲಿ ಮೆಚ್ನಿಕಾಫನು ಹಠವಾದಿ. ದ್ರವದ ಶಕ್ತಿಯೂ ಕೊನೆಗೆ ಭಕ್ಷಕಕೋಶಗಳಿಂದಲೇ ಬಂದದ್ದೆಂದು ಬಹುಕಾಲ ಸಾಧಿಸಿದನು, ಅದು ತಪ್ಪಾಗಿತ್ತು. ಆದರೆ ಪ್ರಯೋಗಶಾಲೆಯಲ್ಲಿ ಶಿಷ್ಯನ ಕಣ್ಣನ್ನು ಕಟ್ಟುವ ಗುರುವಾಗಿರಲಿಲ್ಲ.

ಎರಡು ಪಕ್ಷಗಳ ನಡುವೆ ಮೊದಲ ಸೇತುವೆ ಕಂಡದ್ದು 1903ರಲ್ಲಿ. ಲಂಡನ್ನಿನ ಆಲ್ಮ್‌ರಾತ್ ರೈಟ್ ಮತ್ತು ಅವನ ಸಹೋದ್ಯೋಗಿ ಡಗ್ಲಾಸ್ ಇವರು, ಸೀರಮ್ಮಿನಲ್ಲಿರುವ ಕೆಲವು ಪದಾರ್ಥಗಳು ರೋಗಾಣುಗಳಿಗೆ ಅಂಟಿಕೊಂಡು ಅವನ್ನು ಭಕ್ಷಕಕೋಶಗಳು ಸುಲಭವಾಗಿ ನುಂಗುವಂತೆ ಮಾಡುತ್ತವೆಂದು ತೋರಿಸಿದರು. ಅಡಿಗೆ ಮಾಡಿ ಬಡಿಸುವುದು ದ್ರವ, ಉಣ್ಣುವುದು ಕೋಶ. ಎರಡೂ ಒಂದೇ ಮನೆಯವು ಎಂಬುದು ಹೀಗೆ ನಿಧಾನವಾಗಿ ಅರಿವಾಯಿತು. 1908ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಭಕ್ಷಕಕೋಶಗಳನ್ನು ಕಂಡ ಮೆಚ್ನಿಕಾಫನಿಗೂ, ಪ್ರತಿಕಾಯಗಳ ಸಿದ್ಧಾಂತವನ್ನು ಕಟ್ಟಿದ ಜರ್ಮನಿಯ ಪಾಲ್ ಎರ್ಲಿಕನಿಗೂ ಜಂಟಿಯಾಗಿ ಕೊಟ್ಟುದು ಅರ್ಥಪೂರ್ಣವಾಗಿತ್ತು.

ಒಡೆಸ್ಸಾದಲ್ಲಿ ಮೆಚ್ನಿಕಾಫನ ಬಳಿ ಪ್ರಾಣಿಶಾಸ್ತ್ರ ಕಲಿತ ಒಬ್ಬ ಶಿಷ್ಯನ ಹೆಸರು ಕನ್ನಡ ನಾಡಿನ ಇತಿಹಾಸದೊಡನೆಯೂ ಕೂಡಿಕೊಂಡಿದೆ. ಆತನೇ ವಾಲ್ಡೆಮಾರ್ ಹಾಫ್‌ಕಿನ್. ಗುರುವನ್ನು ಅನುಸರಿಸಿ ಪಾಶ್ಚರ್ ಸಂಸ್ಥೆಗೆ ಬಂದು ಅಲ್ಲಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಈತನು 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಗೊಳಿಸಿ ಮೊದಲು ತನಗೇ ಚುಚ್ಚಿಕೊಂಡನು. 1893ರಲ್ಲಿ ಭಾರತಕ್ಕೆ ಬಂದನು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಲ್ಲಿಯೇ ಪ್ಲೇಗಿನ ಲಸಿಕೆಯನ್ನು ತಯಾರಿಸಿ 1897ರ ಜನವರಿ 10ರಂದು ಅದನ್ನೂ ತನ್ನ ಮೇಲೆಯೇ ಮೊದಲು ಪರೀಕ್ಷಿಸಿದನು. ಆ ಮಾರಿ ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಹುಬ್ಬಳ್ಳಿಗಳಿಗೂ ಹಬ್ಬಿದಾಗ, 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನರು ಈ ಚುಚ್ಚುಮದ್ದನ್ನು ಹಾಕಿಸಿಕೊಂಡರು. ಸತ್ತ ರೋಗಾಣುಗಳನ್ನು ಮುಂಚಿತವಾಗಿ ಪರಿಚಯಿಸಿ ದೇಹದ ರಕ್ಷಣಾಬಲವನ್ನು ಸಜ್ಜುಗೊಳಿಸುವ ಈ ಉಪಾಯದ ಒಳಮರ್ಮವನ್ನೇ ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಗುರು ಅರಸುತ್ತಿದ್ದನು. ಮುಂಬಯಿಯ ಆ ಪ್ರಯೋಗಶಾಲೆ 1925ರಿಂದ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರನ್ನು ಧರಿಸಿದೆ.

ವಯಸ್ಸು ಮೀರಿದಂತೆ ಮೆಚ್ನಿಕಾಫನ ಚಿಂತನೆ ಮುಪ್ಪಿನ ಕಡೆಗೆ ತಿರುಗಿತು. ಮುಪ್ಪಿನ ಶಾಸ್ತ್ರೀಯ ಅಧ್ಯಯನಕ್ಕೆ ಜೆರಂಟಾಲಜಿ ಎಂಬ ಹೆಸರನ್ನಿತ್ತವನೂ ಆತನೇ. ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥಗಳ ವಿಷ ದೇಹವನ್ನು ಸವೆಸುತ್ತದೆ, ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು ಆ ಕೊಳೆತವನ್ನು ತಡೆಯುತ್ತವೆ ಎಂದು ನಂಬಿ ತಾನೂ ನಿತ್ಯ ಹುಳಿಹಾಲನ್ನು ಸೇವಿಸಿದನು. ಯುರೋಪಿನ ನಗರಗಳಲ್ಲಿ ಮೊಸರಿಗೆ ಬೇಡಿಕೆ ಬಂದದ್ದು ಆತನಿಂದ. ಮುಪ್ಪಿನ ಕಾರಣದ ಬಗ್ಗೆ ಆತನ ಎಣಿಕೆ ನಿಜವಾಗಲಿಲ್ಲ. ಆದರೆ ಕರುಳಿನ ಸೂಕ್ಷ್ಮಜೀವಿಗಳಿಗೂ ದೇಹದ ರೋಗನಿರೋಧ ಶಕ್ತಿಗೂ ನಿಕಟ ಸಂಬಂಧವುಂಟೆಂಬುದು ಇಂದು ವಿಜ್ಞಾನದ ಒಂದು ಗಂಭೀರ ಅಧ್ಯಯನ ವಿಷಯ. ಯೌವನದಲ್ಲಿ ಜೀವನವನ್ನು ನಿರರ್ಥಕವೆಂದು ಬಗೆದ ಮನುಷ್ಯ ಇಳಿವಯಸ್ಸಿನಲ್ಲಿ ಆಯುಷ್ಯವನ್ನು ಹಿಗ್ಗಿಸುವ ದಾರಿಯನ್ನು ಹುಡುಕಿದನು. 1909ರಲ್ಲಿ ಆತನು ಸ್ವದೇಶಕ್ಕೆ ಹೋದಾಗ ಯಾಸ್ನಾಯ ಪೊಲ್ಯಾನಾದಲ್ಲಿ ವೃದ್ಧ ಟಾಲ್‌ಸ್ಟಾಯನನ್ನು ಕಂಡು ಒಂದು ದಿನವನ್ನು ಕಳೆದನು. ಒಬ್ಬನ ನಂಬಿಕೆ ಧರ್ಮದಲ್ಲಿ, ಇನ್ನೊಬ್ಬನದು ವಿಜ್ಞಾನದಲ್ಲಿ. ಒಮ್ಮತ ಮೂಡಲಿಲ್ಲ; ಗೌರವಕ್ಕೆ ಕೊರತೆಯೂ ಬರಲಿಲ್ಲ.

1914ರಲ್ಲಿ ಮಹಾಯುದ್ಧ ಮೊದಲಾಯಿತು. ತರುಣ ಸಹಾಯಕರೆಲ್ಲ ಸೈನ್ಯಕ್ಕೆ ಸೇರಿದರು, ಪ್ರಯೋಗಶಾಲೆ ಬರಿದಾಯಿತು. ಮನುಷ್ಯಕುಲವನ್ನು ರೋಗದಿಂದ ಉಳಿಸಲು ಕೂಡಿ ದುಡಿಯಬೇಕಾದ ರಾಷ್ಟ್ರಗಳು ಪರಸ್ಪರ ಕೊಲ್ಲುವುದನ್ನು ಕಂಡು ಆತನ ಮನಸ್ಸು ನೊಂದಿತು. ಮೊದಲೇ ದುರ್ಬಲವಾಗಿದ್ದ ಹೃದಯ ಸೋಲತೊಡಗಿತು. ತನ್ನ ರೋಗದ ಲಕ್ಷಣಗಳನ್ನು ಬೇರೊಬ್ಬನವೆಂಬಂತೆ ಗಮನಿಸಿ ಗುರುತುಹಾಕಿಕೊಂಡನು. ಮರಣಾನಂತರ ತನ್ನ ದೇಹವನ್ನು ಪರೀಕ್ಷಿಸಬೇಕೆಂದು ಸಹೋದ್ಯೋಗಿಗೆ ತಿಳಿಸಿದನು. 1916ರ ಜುಲೈ ತಿಂಗಳಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಆತನ ಜೀವನ ಮುಗಿಯಿತು. ಆತನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ಆತನ ನಂತರದ ನಾಲ್ಕು ದಶಕಗಳಲ್ಲಿ ಪ್ರತಿಕಾಯಗಳ ಅಧ್ಯಯನವೇ ಮೇಲುಗೈ ಪಡೆಯಿತು. ಭಕ್ಷಕಕೋಶಗಳು ಪಠ್ಯಪುಸ್ತಕದ ಒಂದೆರಡು ಪುಟಗಳಿಗೆ ಸೀಮಿತವಾದವು. ಆದರೆ ಪ್ರತಿಕಾಯಗಳು ಹುಟ್ಟುವುದೆಲ್ಲಿ? ಆ ಪ್ರಶ್ನೆ ಮತ್ತೆ ಜೀವಕೋಶಗಳ ಬಾಗಿಲಿಗೇ ಬಂದು ನಿಂತಿತು. ದುಗ್ಧಗ್ರಂಥಿಗಳಲ್ಲಿ ತುಂಬಿರುವ ಲಿಂಫೋಸೈಟ್ ಎಂಬ ಸಣ್ಣ ಬಿಳಿಯ ಕಣಗಳು ರಕ್ತದಿಂದ ದುಗ್ಧರಸಕ್ಕೂ ದುಗ್ಧರಸದಿಂದ ರಕ್ತಕ್ಕೂ ನಿರಂತರವಾಗಿ ಸುತ್ತುತ್ತವೆಂದು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ 1950ರ ದಶಕದ ಕೊನೆಯಲ್ಲಿ ತೋರಿಸಿದನು. ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿ ಇವುಗಳಲ್ಲಿ ಒಂದು ವರ್ಗದ ಶಿಕ್ಷಣಶಾಲೆಯೆಂಬುದಕ್ಕೆ ದಾರಿ ತೋರಿದ ಪ್ರಯೋಗಗಳನ್ನು ಜಾಕ್ ಮಿಲ್ಲರ್ 1961ರಲ್ಲಿ ಪ್ರಕಟಿಸಿದನು. ಇನ್ನೊಂದು ವರ್ಗದ ಲಿಂಫೋಸೈಟುಗಳೇ ಪ್ರತಿಕಾಯಗಳನ್ನು ತಯಾರಿಸುತ್ತವೆಂಬುದೂ ಸ್ಥಿರಪಟ್ಟಿತು. 1973ರಲ್ಲಿ ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್ ಮತ್ತು ಜ್ಯಾನ್‌ವಿಲ್ ಕೋನ್ ಇವರು ರೆಂಬೆಗಳಂತೆ ಚಾಚಿದ ತೋಳುಗಳುಳ್ಳ ಒಂದು ಹೊಸ ಬಗೆಯ ಕೋಶವನ್ನು ವರ್ಣಿಸಿದರು. ಇದು ಗಾಯವಾದೆಡೆಯಲ್ಲಿ ರೋಗಾಣುವನ್ನು ನುಂಗಿ, ದುಗ್ಧನಾಳದ ಮೂಲಕ ಸಮೀಪದ ಗ್ರಂಥಿಗೆ ಹೋಗಿ, ಆ ರೋಗಾಣುವಿನ ತುಣುಕುಗಳನ್ನು ಲಿಂಫೋಸೈಟುಗಳ ಮುಂದೆ ಹಿಡಿದು ತೋರಿಸುತ್ತದೆಂಬುದು ಕ್ರಮೇಣ ತಿಳಿಯಿತು. ಆ ತುಣುಕಿಗೆ ಸರಿಹೊಂದುವ ಲಿಂಫೋಸೈಟು ಒಂದು ಸಾವಿರವಾಗಿ ಬೆಳೆಯುತ್ತದೆ, ಪ್ರತಿಕಾಯಗಳು ಹೊರಡುತ್ತವೆ, ಅವು ರೋಗಾಣುಗಳಿಗೆ ಅಂಟಿ, ಅವನ್ನು ಭಕ್ಷಕಕೋಶಗಳ ಬಾಯಿಗೆ ಒಪ್ಪಿಸುತ್ತವೆ. ಆ ಹೋರಾಟದ ನೆನಪು ಕೆಲವು ಲಿಂಫೋಸೈಟುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಲಸಿಕೆ ಕಾಯುವುದು ಈ ನೆನಪಿನಿಂದ.

ಹೀಗೆ, ಪ್ಯಾರಿಸ್ಸಿನವರೂ ಬರ್ಲಿನ್ನಿನವರೂ ಕಾಲು ಶತಮಾನ ಕಾದಾಡಿದ ವಿಷಯದ ಎರಡು ತುದಿಗಳು ಮನುಷ್ಯನ ದೇಹದೊಳಗಿನ ಒಂದು ಅವರೆಕಾಳಿನಷ್ಟು ಗ್ರಂಥಿಯಲ್ಲಿ ಕೂಡಿಕೊಂಡಿದ್ದವು. ನುಂಗುವ ಕೋಶವಿಲ್ಲದೆ ಸುದ್ದಿ ಮುಟ್ಟದು. ಸುದ್ದಿ ಮುಟ್ಟದೆ ಪ್ರತಿಕಾಯ ಬಲವಾಗಿ ಹುಟ್ಟದು. ಪ್ರತಿಕಾಯದ ನೆರವಿಲ್ಲದೆ ಅನೇಕ ರೋಗಾಣುಗಳನ್ನು ನುಂಗುವುದೂ ಸುಲಭವಲ್ಲ. ಹುಟ್ಟಿನಿಂದಲೇ ಬಂದ ರಕ್ಷಣೆ ಶತ್ರುವನ್ನು ಗುರುತಿಸುವ ಬಗೆಯನ್ನು ಬಿಡಿಸಿದ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಇವರಿಗೆ ಸ್ಟೈನ್‌ಮನ್ನನೊಡನೆ 2011ರ ನೊಬೆಲ್ ಪಾರಿತೋಷಕವನ್ನು ಘೋಷಿಸಿದಾಗ, ನೂರಮೂರು ವರ್ಷಗಳ ಹಿಂದಿನ ಮೆಚ್ನಿಕಾಫ್ ಮತ್ತು ಎರ್ಲಿಕರ ಜೋಡಿ ಸನ್ಮಾನಕ್ಕೆ ಪೂರ್ಣವಾದ ಅರ್ಥ ಬಂದಿತು.

ಮೆಚ್ನಿಕಾಫನು ಎಲ್ಲವನ್ನೂ ಸರಿಯಾಗಿ ಹೇಳಲಿಲ್ಲ. ದ್ರವದ ಶಕ್ತಿಯನ್ನು ಕೀಳಾಗಿ ಎಣಿಸಿದನು, ಮುಪ್ಪಿನ ಬಗ್ಗೆ ಅವಸರದ ನಿರ್ಣಯಗಳನ್ನು ಮಾಡಿದನು. ಆದರೆ ರೋಗ ಬಂದಾಗ ದೇಹ ಸುಮ್ಮನೆ ಬಿದ್ದಿರುವ ಕ್ಷೇತ್ರವಲ್ಲ, ತನ್ನನ್ನು ತಾನು ಕಾಯುವ ಜೀವಂತ ಶಕ್ತಿಯೆಂಬ ಆತನ ಮೂಲ ದರ್ಶನ ಇಂದಿಗೂ ಅಲುಗಿಲ್ಲ. ಮನುಷ್ಯನ ಅರಿವಿಗೆ ಬಾರದೆ, ಆತನ ಆಜ್ಞೆಗೆ ಕಾಯದೆ, ನಿರಾಶೆಯಲ್ಲಿ ಆತನೇ ಬದುಕನ್ನು ತೊರೆಯಹೊರಟ ಘಳಿಗೆಯಲ್ಲಿಯೂ ಈ ಕಾವಲು ಎಚ್ಚರವಾಗಿರುತ್ತದೆ. ಒಡೆಸ್ಸಾದ ಒಂದು ರೋಗಶಯ್ಯೆಯಲ್ಲಿ 1881ರಲ್ಲಿ ಆ ಕಾವಲು ಒಬ್ಬ ಮನುಷ್ಯನನ್ನು ಉಳಿಸಿಕೊಂಡಿತು. ಉಳಿದವನು ಮರುವರ್ಷವೇ ಆ ಕಾವಲುಗಾರರನ್ನು ಕಂಡುಹಿಡಿದು ಋಣ ತೀರಿಸಿದನು.